ಹಳೆ ತೋಟದ ಟ್ರ್ಯಾಕ್ಟರ್‌ಗೆ ಒಂಟಿ ಪಲ್ಟಿ ಹಾಕೀನಿ, ಸಾಲು ಬರೋಬ್ಬರಿ ಬರವಲ್ದು

ಭೀಮಾದಂಡಿ (ಅಫಜಲಪುರ ತಾಲ್ಲೂಕು)

ಎಲ್ಲಾರಿಗೂ ಶರಣು.

ಮೊದಲ ಹೊಲದ ಸುದ್ದಿ ಹೇಳ್ತೀನಿ. ಭೀಮಾ ದಂಡಿಗಿ ನಮ್ದು ನಾಕೂವರಿ ಎಕರೆ ಎರಿ ಜಮೀನು. ಎರಡು ಎಕರೆದಾಗ ನಿಂಬಿ ಗಿಡ ಅವ, ಉಳಿದಿದ್ದರಾಗ ತೊಗರಿ ಇತ್ತು. ಯಳ್ಳ ಅಮಾಸಿ ಚರಗ ಚೆಲ್ಲಿದ ಮ್ಯಾಲ ಕೊಯ್ದು ರಾಶಿ ಮುಗಿಸೀವಿ, ಈಗ ಬರೇ ಕೂಳಿ ನಿಂತಾವ. ಮ್ಯಾಲ ಒಣಗ್ಯಾದ ಖರೆ, ನಾಕು ಇಂಚು ಕೆದರಿದ್ರ ಇನ್ನಾ ಹಸಿ ಸಿಗ್ತದ. ಆ ಹಸಿ ಆರೋದ್ರಾಗ ಒಮ್ಮಿ ಹೊಳ್ಳಿಸಿ ಒಗಿಬೇಕಂತ ನನ್ನ ಗಡಿಬಿಡಿ.

ಗಾಡಿ ಯಾವುದಂದ್ರ, ತಿಕೋಟಾ ಕಡಿ ಒಬ್ಬ ದ್ರಾಕ್ಷಿ ತೋಟದವರ ಹತ್ರ ತಗೊಂಡ ಮಿತ್ಸುಬಿಷಿ ಶಕ್ತಿ ಎಂ.ಟಿ. 180 ಡಿ. ಹದಿನೆಂಟೂವರಿ ಎಚ್‌ಪಿ, ಮೂರು ಸಿಲಿಂಡರ್, ಹಿಂದಿನ ಎರಡೇ ಗಾಲಿ ಎಳಿಯೋದು. ಅದರ ಜನ್ಮ ಎಲ್ಲಾ ದ್ರಾಕ್ಷಿ ಸಾಲಿನ್ಯಾಗ ಔಷಧ ಹೊಡಿಯೋ ಬ್ಲೋವರ್ ತಿರಿಗಿಸೋದ್ರಾಗೇ ಹೋಗ್ಯಾದ, ಒಂದು ದಿನಾನೂ ನೇಗಿಲು ಎಳದಿಲ್ಲ. ಬಾನೆಟ್ಟಿನ ಬಣ್ಣ ಔಷಧಕ್ಕ ಸುಲದು ಬೆಳ್ಳಗಾಗ್ಯಾದ, ಸೀಟಿಗಿ ಗೋಣಿಚೀಲ ಸುತ್ತೀನಿ. ಎಂಜಿನ್ ಮಾತ್ರ ಚಾವಿ ತಿರುವಿದ್ರ ಸಾಕು ಎದ್ದು ಕೂಡ್ತದ. ಅಪ್ಪ ಅದಕ್ಕ ಆಟಗಿ ಗಾಡಿ ಅಂತಾನ.

ಪಲ್ಟಿ (ಮಣ್ಣು ಹೊಳ್ಳಿಸೋ ನೇಗಿಲು) ಒಂಟಿ ಕುಡದ್ದು, ಅಂದ್ರ ಮಣ್ಣು ಕೊಯ್ಯೋ ಅಲಗು ಒಂದೇ, ಹನ್ನೆರಡು ಇಂಚಿನದು, ದೊಡ್ಡ ಟ್ರ್ಯಾಕ್ಟರ್‌ಗೆ ಹಾಕ್ತಿದ್ದದ್ದು. ಗೆಳೆಯನ ಹೊಲದ ಒಡ್ಡಿನ ಮ್ಯಾಲ ಮಳ್ಯಾಗ ಬಿದ್ದಿತ್ತು. ಪಿನ್ನು ನಮ್ಮ ಗಾಡಿಗಿ ದಪ್ಪ ಆಗ್ತಿದ್ವು, ಊರಾಗಿನ ವೆಲ್ಡಿಂಗಿನವರ ಕಡಿಂದ ಕಡಿಸಿ ಸಣ್ಣ ರಾಡ್ ಹಚ್ಚಿಸೀನಿ.

ಮೊದಲನೇ ಸಾಲು ಚಂದ ಬರ್ತದ್ರಿ. ಎರಡನೇ ಸಲಕ್ಕ ಬಲಗಾಲಿ ಸಾಲಿನ್ಯಾಗ ಇಳಿಸಿ ಹೊಂಟ್ರ ಕತಿ ಸುರು. ಹಿಂದಿನ ಸಾಲಿಗೂ ಈ ಸಾಲಿಗೂ ನಡುವ ನಾಕೈದು ಇಂಚಿನ ಪಟ್ಟಿ ಹಂಗೇ ಉಳಿತದ, ಅದರ ಮ್ಯಾಲ ಮಣ್ಣು ಬಿದ್ದು ಮುಚ್ಚಿ ಮಳ್ಳ ಮಾಡ್ತದ. ಕಾಲಿಲೆ ಸರಿಸಿದ್ರ ಕೆಳಗ ಕೂಳಿ ಗಟ್ಟಿ ನಿಂತಿರ್ತಾವ. ಸಾಲಿನ ತಳ ಒಂದು ಕಡಿ ಆಳ, ಒಂದು ಕಡಿ ತೇಲು. ಹೆಂಟಿ ಪೂರಾ ಹೊಳ್ಳದೆ ಎದ್ದು ನಿಂತು ವಾಪಸ್ ಸಾಲಿನ್ಯಾಗೇ ಬೀಳ್ತದ. ಜರಾ ಆಳ ಬಿಟ್ರ ಹಿಂದಿನ ಗಾಲಿ ನಿಂತಲ್ಲೇ ತಿರಗಿ ತೆಗ್ಗು ತೋಡ್ತಾವ, ಮುಂದಿನ ಗಾಲಿ ಹಗುರ ಆಗಿ ಸ್ಟೇರಿಂಗ್ ಕೈಗಿ ಸಿಗವಲ್ದು. ಹಸಿ ಇದ್ದಲ್ಲಿ ರೆಕ್ಕಿಗಿ (ಮಣ್ಣು ಹೊಳ್ಳಿಸೋ ಬಾಗಿದ ತಗಡಿಗಿ) ಮಣ್ಣು ಮೆತ್ತಿ ಮುದ್ದಿ ಆಗ್ತದ.

ಗಾಡಿಗಿ ತಾಕತ್ತು ಸಾಲವಲ್ದೋ, ನಾ ಕಟ್ಟಿದ್ದರಾಗ ಏನಾರ ಫರಕ್ ಅದನೋ? ತಿಳದವರು ಹೇಳ್ರಿ.

ಶಹಾಪುರದಾವ

ಅಣ್ಣಾ, ಹದಿನೆಂಟು ಎಚ್‌ಪಿಗಿ ಹನ್ನೆರಡು ಇಂಚಿನ ಪಲ್ಟಿ ಅಂದ್ರ ಅತಿ ಆತು. ಆ ಗಾಡಿಗಿ ಮೂರು ಫೂಟಿನ ರೋಟಾವೇಟರ್ ಹಾಕ್ರಿ, ಕೂಳಿ ಎಲ್ಲಾ ಪುಡಿ ಮಾಡಿ ಒಗಿತದ, ಹೊಲ ರಂಗೋಲಿ ಹಾಕೋ ಅಂಗಳದಂಗ ಆಗ್ತದ. ಪಲ್ಟಿನೇ ಬೇಕಂದ್ರ ಐವತ್ತು ಎಚ್‌ಪಿ ಗಾಡಿದಾವಗ ಫೋನ್ ಮಾಡ್ರಿ, ಒಂದ ಮುಂಜಾನಿಗಿ ಹೊಡದು ಹೋಗ್ತಾನ. ಇಲ್ಲಂದ್ರ ಹೋಬಳಿ ಕೃಷಿ ಯಂತ್ರಧಾರೆದಾಗ ಬಾಡಗಿಗಿ ಕೇಳ್ರಿ. ನಮ್ಮ ಕಡಿ ಕಾಲುವಿ ನೀರಿನ ಭತ್ತದ ಗದ್ದಿಗಿ ಕೇಜ್ ವೀಲ್ (ಕಬ್ಬಿಣದ ಪಂಜರ ಗಾಲಿ) ಹಾಕಿ ಸಣ್ಣ ಗಾಡಿ ಓಡಿಸ್ತೀವಿ, ಆದ್ರ ಪಲ್ಟಿಗಿ ಯಾರೂ ಅದನ್ನ ಹೂಡಂಗಿಲ್ಲ.

ಹುಮನಾಬಾದ ಮಿಸ್ತ್ರಿ

ತಮ್ಮಾ, ತಾಕತ್ತಿನ ಮಾತು ಆಮ್ಯಾಲ. ನಾ ಕೇಳಿದ್ದು ಅಳತಿ ಮಾಡಿ ಹೇಳು.

ಹಿಂದಿನ ಎರಡೂ ಟೈರಿನ ಒಳ ಮೈಯಿಂದ ಒಳ ಮೈಗಿ ಎಷ್ಟು ಇಂಚು? ರಿಮ್ಮಿನ ಡಿಶ್ (ನಡುವಿನ ತಟ್ಟಿ) ಒಳಗ ಮಾರಿ ಮಾಡ್ಯಾದೋ ಹೊರಗೋ? ಹಚ್ಚಿಸಿದ ರಾಡ್ ಯಾವುದು, ಕಟ್ಟಡದ ಸಲಾಕಿನೋ ಏನು? ರಂಟಿಗಿ ಎಡಗಡಿ ಬಾಜು ಪಟ್ಟಿ ಇರ್ತದಲ್ಲ, ಸಾಲಿನ ಗ್ವಾಡಿಗಿ ಒರಸ್ಕೋತ ಹೋಗೋದು, ಅದರ ಹಿಮ್ಮಡ ಸಾಲಿನ ತಳಕ್ಕ ಗುರುತು ಬಿಡ್ತದೋ ಇಲ್ಲೋ? ಲೆವೆಲ್ ಎಲ್ಲಿ ನಿಂತು ಮಾಡಿದಿ?

ಗಾಡಿ ತೂಕ ಗೊತ್ತಿದ್ರ ಅದನೂ ಹೇಳು. ಕಬ್ಬಿನ ಕಾಟಾ ಹತ್ರ ಇದ್ರ ಹತ್ತಿಸು.

ಭೀಮಾದಂಡಿ

ಕಾಕಾ, ಟೇಪ್ ಹಿಡದು ನೋಡಿದೆ. ಒಳ ಮೈಯಿಂದ ಒಳ ಮೈಗಿ 28 ಇಂಚು. ಡಿಶ್ ಹೊರಗ ತೆಕ್ಕೊಂಡದ. ತೋಟದಾಗ ಬ್ಲೋವರ್ ಹಿಂದ ವಾಲಬಾರದಂತ ಅವರೇ ಅಗಲ ಮಾಡಿದ್ರಂತ. ರಾಡ್ ನೀವು ಅಂದಂಗ ಸಲಾಕಿನೇ, ಮ್ಯಾಲಿನ ಗೆರಿ ಗ್ರೈಂಡರ್‌ಲೆ ತಿಕ್ಕಿ ನುಣ್ಣಗ ಮಾಡ್ಯಾರ. ಹಿಮ್ಮಡದ ಗುರುತು ಎಲ್ಲೂ ಇಲ್ಲ. ಪಟ್ಟಿ ಮ್ಯಾಲ ಹಳೆ ತುಕ್ಕು ಹಂಗೇ ಅದ, ಒಂದು ಚೂರೂ ತಿಕ್ಕಿಲ್ಲ. ಲೆವೆಲ್ ಮನಿ ಮುಂದಿನ ಸಿಮೆಂಟ್ ಅಂಗಳದಾಗ ನಿಲ್ಲಿಸಿ ಕಣ್ಣಳತಿಲೆ ಮಾಡೀನಿ, ನಾಕೂ ಗಾಲಿ ಸಪಾಟ್ ಇದ್ವು. ಕಾಟಾದ ಮ್ಯಾಲ ನಾ ಕುಂತು, ಡೀಸೆಲ್ ತುಂಬಿ, ಪಲ್ಟಿ ಇಲ್ದೆ ಏಳೂವರಿ ಕ್ವಿಂಟಲ್ ಸನಿ ಬಂತು.

ಹುಮನಾಬಾದ ಮಿಸ್ತ್ರಿ

ಹಿಂಗ ಹೇಳಿದ್ರ ಮಾತಾಡ್ಲಿಕ್ಕಿ ಬರ್ತದ. ಕೂತು ಓದು, ಉದ್ದ ಆಗ್ತದ.

ಮೊದಲ ತಾಕತ್ತಿನ ಲೆಕ್ಕ, ಶಹಾಪುರದವ್ರಿಗೂ ಸೇರಿಸಿ. ಎರಿ ಮಣ್ಣು ಹದದಾಗ ಇದ್ದಾಗ ಒಂದು ಚದರ ಸೆಂಟಿಮೀಟರ್ ಕೊಯ್ಲಿಕ್ಕಿ ಅರ್ಧದಿಂದ ಮುಕ್ಕಾಲು ಕೆ.ಜಿ. ಎಳತ ಬೇಡ್ತದ, ಒಣಗಿ ಬಿರತ್ರ ಅದಕ್ಕೂ ಹೆಚ್ಚು. ನಿನ್ನ ಕುಡ ಹನ್ನೆರಡು ಇಂಚು ಅಗಲ ಅಂದ್ರ 30 ಸೆಂ.ಮೀ., ಐದು ಇಂಚು ಆಳ ಅಂದ್ರ ಹನ್ನೆರಡೂವರಿ. ಗುಣಿಸಿದ್ರ 375 ಚದರ ಸೆಂ.ಮೀ. ಮುಕ್ಕಾಲು ಕೆ.ಜಿ. ಹಿಡದ್ರೂ ಎಳತ 280 ಕೆ.ಜಿ. ಸುಮಾರು. ತಾಸಿಗಿ ನಾಕು ಕಿಲೋಮೀಟರ್ ನಡಗಿಲೆ ಇದನ್ನ ಎಳಿಲಿಕ್ಕಿ ನಾಕೈದು ಎಚ್‌ಪಿ ಕೊಕ್ಕಿಗಿ ಮುಟ್ಟಿದ್ರ ಸಾಕು. ನಿನ್ನ ಎಂಜಿನ್ ಹತ್ರ ಅದಕ್ಕ ಎರಡರಷ್ಟು ಅದ.

ಸಾಲದೆ ಬಂದಿದ್ದು ತೂಕ. ಏಳೂವರಿ ಕ್ವಿಂಟಲ್ ಗಾಡಿ 280 ಕೆ.ಜಿ. ಎಳಿಬೇಕಂದ್ರ ತನ್ನ ತೂಕದ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಆತು. ಅದರಾಗ ಹಿಂದಿನ ಗಾಲಿ ಮ್ಯಾಲ ಕೂತ ತೂಕ ಅಷ್ಟೇ ಕೆಲಸಕ್ಕ ಬರೋದು. ಅದಕ್ಕೇ ಎಂಜಿನ್ ನರಳೋದ್ರ ಮೊದಲೇ ಟೈರ್ ಜಾರ್ತಾವ. ನೋಡು, ಎಂಜಿನ್ ದನಿ ಇಳಿತದೋ ಟೈರ್ ತಿರಗ್ತಾವೋ? ದನಿ ಇಳಿಲಾರದೆ ಟೈರ್ ತಿರಗಿದ್ರ ಎಚ್‌ಪಿ ಬೈಬ್ಯಾಡ.

ನಿಮ್ಮಪ್ಪ ಆಟಗಿ ಗಾಡಿ ಅಂದ್ರಲ್ಲ, ಅವರಿಗಿ ಒಂದು ಮಾತು ಕೇಳು. ಹಿಂದಕ ಕಬ್ಬಿಣ ರಂಟಿ ಹೊಡಿಯೋ ಮುಂದ ಎಷ್ಟು ಜೋಡಿ ಎತ್ತು ಹೂಡ್ತಿದ್ರು ಅಂತ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1903ರಾಗ ಬೆಳಗಾವ್ಯಾಗ ಕಬ್ಬಿಣದ ನೇಗಿಲು ಮಾಡಿದ ಮ್ಯಾಲ ಅದು ನಮ್ಮ ಎರಿ ನಾಡಿಗೆಲ್ಲಾ ಬಂತು, ದೊಡ್ಡ ರಂಟಿಗಿ ಮೂರು ಜೋಡಿ, ನಾಕು ಜೋಡಿ ಬೇಕಾಗ್ತಿತ್ತು. ಎತ್ತು ದಿನಾಪೂರ್ತಿ ಎಳಿಯೋದು ತನ್ನ ತೂಕದ ಹತ್ತರಾಗ ಒಂದು ಪಾಲು. ಜೋಡಿಗಿ ಎಪ್ಪತ್ತು ಎಂಬತ್ತು ಕೆ.ಜಿ. ಹಿಡಿ. ನಾಕು ಜೋಡಿ ಅಂದ್ರ ಮುನ್ನೂರರ ಹತ್ರ. ಲೆಕ್ಕ ಕೂಡ್ತಲ್ಲ?

ಈಗ ಕಟ್ಟೋದು.

ಆ ಸಲಾಕಿ ಪಿನ್ನು ಇವತ್ತೇ ಕತ್ತರಿಸಿ ಒಗಿ. ಎಲ್ಲಕ್ಕಿಂತ ಮೊದಲ ಇದು. ಸಲಾಕಿ ಕಾಂಕ್ರೀಟಿನ್ಯಾಗ ಇರ್ಲಿಕ್ಕಿ ಮಾಡಿದ್ದು, ವೆಲ್ಡಿಂಗಿನ ಬುಡಕ್ಕ ಒಂದು ದಿನ ಪಟ್ಟಂತ ಮುರಿತದ. ಒಂದು ಕಡಿ ಪಿನ್ನು ಮುರದು ಪಲ್ಟಿ ಒಂದೇ ಲಿಂಕಿಗಿ ಜೋತ್ರ ಅದು ತಿರಗಿ ಟೈರಿಗಿ ಬೀಳ್ತದ. ದೊಡ್ಡ ಗಾಡಿದು ಎರಡನೇ ಕೆಟಗರಿ ಪಿನ್ನು, ಕೆಳಗಿಂದು 28 ಎಂ.ಎಂ. ದಪ್ಪ. ನಿಂದು ಒಂದನೇ ಕೆಟಗರಿ, ಕೆಳಗ 22, ಮ್ಯಾಲಿನ ಟಾಪ್ ಲಿಂಕಿಗಿ (ಗಾಡಿಗೂ ಪಲ್ಟಿ ತಲಿಗೂ ನಡುವ ಕೂಡಿಸೋ ರಾಡಿಗಿ) 19. ಲೇತ್ ಇದ್ದಲ್ಲಿ ಹೋಗಿ ಇಎನ್-8 (ಗಟ್ಟಿ ಉಕ್ಕು) ರಾಡಿನ್ಯಾಗ ಮೆಟ್ಟಿಲು ಬಿಟ್ಟು ಪಿನ್ನು ಕಡಿಸು, ಹಿಂದ ಚೂಡಿ ಹಾಕಿಸಿ ನಟ್ಟಿನ ಮ್ಯಾಲ ಬಿಗಿ. ವೆಲ್ಡಿಂಗ್ ಬ್ಯಾಡೇ ಬ್ಯಾಡ. ಟಾಪ್ ಲಿಂಕಿನ ತೂತು ಪಲ್ಟಿ ಕಡಿ ದೊಡ್ಡದಿರ್ತದ, ಅದಕ್ಕ ಬುಶ್ ಹಾಕು. ಇಲ್ಲಂದ್ರ ನೀ ಎಷ್ಟು ಲೆವೆಲ್ ಮಾಡಿದ್ರೂ ಆ ಢಿಲ್ಲಾದಾಗ ಅರ್ಧ ಇಂಚು ಹೋಗಿಬಿಡ್ತದ.

ಉಳಿಯೋ ಪಟ್ಟಿ ಯಾಕಂದ್ರ ಇದು. ಬಲಗಾಲಿ ಸಾಲಿನ್ಯಾಗ ಹೋಗ್ತದ, ಅದರ ಒಳ ಮೈ ಸಾಲಿನ ಗ್ವಾಡಿಗಿ ಹತ್ತಿರ್ತದ. ಗಾಡಿ ನಡುಗೆರಿಯಿಂದ ಆ ಗ್ವಾಡಿಗಿ 28ರ ಅರ್ಧ, 14 ಇಂಚು. ಈಗ ನಿನ್ನ ಪಲ್ಟಿ ನೋಡು. ಎಳತ ಬೀಳೋ ಜಾಗಾ ಕುಡದ ನಡುವ ಇರಂಗಿಲ್ಲ, ಬಾಜು ಪಟ್ಟಿಯಿಂದ ಅಗಲದ ಕಾಲು ಪಾಲಿನ ಹತ್ರ ಇರ್ತದ. ಹನ್ನೆರಡು ಇಂಚಿನದಕ್ಕ ಮೂರು ಇಂಚು. ಆ ಜಾಗಾ ಗಾಡಿ ನಡುವ ಬರಂಗ ಕಟ್ಟಿದ್ರ ಕುಡದ ರೆಕ್ಕಿ ತುದಿ ನಡುಗೆರಿಯಿಂದ ಬಲಕ್ಕ ಒಂಬತ್ತು ಇಂಚಿಗಿ ನಿಂದರ್ತದ. ಹದಿನಾಲ್ಕರಾಗ ಒಂಬತ್ತು ಕಳಿ. ಐದು. ಅದೇ ನೀ ಹೇಳಿದ ಪಟ್ಟಿ.

ಹಿಂದಿನ ರಿಮ್ ಬಿಚ್ಚಿ ಡಿಶ್ ಒಳಗ ಮಾರಿ ಮಾಡು. ಎಡದ್ದು ಬಲಕ್ಕ, ಬಲದ್ದು ಎಡಕ್ಕ ಬದಲ್ ಮಾಡಿ ಹಾಕು, ಇಲ್ಲಂದ್ರ ಟೈರಿನ ಹಲ್ಲು ಉಲ್ಟಾ ಬೀಳ್ತಾವ, ಹಿಡತ ಹೋಗ್ತದ. ಹಿಂದ ನಿಂತು ನೋಡಿದ್ರ ಮ್ಯಾಲಿನ ಹಲ್ಲಿನ ಚೂಪು ಮುಂದಕ ತೋರಿಸ್ಬೇಕು. ಹಿಂಗ ಮಾಡಿದ್ರ ಒಳ ಅಂತರ 22ರ ಆಜುಬಾಜು ಬರ್ಬೇಕು. ಅರ್ಧ 11, ಒಂಬತ್ತು ಕಳದ್ರ ಉಳಿದಿದ್ದು ಎರಡೇ ಇಂಚು. ಅಷ್ಟು ಪಲ್ಟಿನೇ ಅಡ್ಡ ರಾಡಿನ ಮ್ಯಾಲ ಬಲಕ್ಕ ಸರಿಸು. ಎರಡು ಇಂಚಿಗಿ ಸ್ಟೇರಿಂಗ್ ಏನೂ ತಕರಾರು ಮಾಡಂಗಿಲ್ಲ. ಆದ್ರ ಗಾಲಿ ಹತ್ರ ಬಂದ ಮ್ಯಾಲ ಗಾಡಿ ಇಳಿಜಾರಿಗಿ ಮೊದಲಿನಂಗ ಧೈರ್ಯದ್ದಲ್ಲ, ಒಡ್ಡು ಹತ್ತಿಸೋ ಮುಂದ, ಕಾಲುವಿ ದಾಟೋ ಮುಂದ ಅಡ್ಡ ಹೋಗಬ್ಯಾಡ. ಬ್ಲೋವರ್ ಹಾಕೋ ಕಾಲಕ್ಕ ವಾಪಸ್ ಹೊರಗ ಮಾಡು.

ಲೆವೆಲ್ ಸಪಾಟ್ ಅಂಗಳದಾಗ ಮಾಡಿದ್ದಕ್ಕೇ ತಳ ಒಂದು ಕಡಿ ಆಳ ಬರ್ತದ. ಹೊಲದಾಗ ಬಲಗಾಲಿ ಐದು ಇಂಚು ಕೆಳಗಿರ್ತದ, ಗಾಡಿ ಬಲಕ್ಕ ವಾಲಿರ್ತದ. ದೊಡ್ಡ ಟ್ರ್ಯಾಕ್ಟರ್ ಅಗಲ ಇರ್ತದ, ಐದು ಇಂಚಿಗಿ ಅಷ್ಟು ವಾಲಂಗಿಲ್ಲ. ನಿಂದು ಗಾಲಿ ನಡುವಿಂದ ನಡುವಿಗಿ ಮೂವತ್ತು ಇಂಚು, ಆರಕ್ಕ ಒಂದರ ವಾಟ. ಸಣ್ಣ ಗಾಡಿದವರು ಪಲ್ಟಿ ಬೈಯೋದು ಹೆಚ್ಚು ಇದಕ್ಕೇ.

ಅದೇ ಸಿಮೆಂಟ್ ಅಂಗಳಕ್ಕ ಹೋಗು. ಎಡಗಡಿ ಹಿಂದಿನ ಗಾಲಿ, ಎಡಗಡಿ ಮುಂದಿನ ಗಾಲಿ, ಎರಡರ ಕೆಳಗೂ ಐದೈದು ಇಂಚು ದಪ್ಪ ಕಟಿಗಿ ದಿಮ್ಮಿ ಕೊಡು. ಬಲಗಾಲಿ ನೆಲದ ಮ್ಯಾಲೇ ಇರ್ಲಿ. ಈಗ ನಿನ್ನ ಅಂಗಳನೇ ಸಾಲಿನ ತಳ ಆತು. ಬಲಗಾಲಿ ಅಲ್ಲೇ ನಿಂತದ, ಪಲ್ಟಿನೂ ಅಲ್ಲೇ ಕೂಡ್ಬೇಕು. ಲಿಫ್ಟ್ ಇಳಿಸಿ ನೆಲಕ್ಕ ಬಿಡು. ಬಲಗಡಿ ಲಿಂಕಿಗಿ ತಿರುವೋ ಹ್ಯಾಂಡಲ್ ಇರ್ತದಲ್ಲ, ಅದನ್ನ ತಿರುವ್ಕೋತ ಪಲ್ಟಿ ಬೆನ್ನು ನೆಟ್ಟಗ ನಿಲ್ಲೋ ತನ ತಾ. ಬೆನ್ನಿಗಿ ಒಂದು ದಾರ ಕಟ್ಟಿ ನಟ್ಟು ಜೋತಾಡ್ಲಿಕ್ಕಿ ಬಿಟ್ರ ಕಣ್ಣಿಗಿ ಮೋಸ ಆಗಂಗಿಲ್ಲ.

ಆಮ್ಯಾಲ ಟಾಪ್ ಲಿಂಕ್. ಗಿಡ್ಡ ಮಾಡಿದ್ರ ಕುಡದ ಮೂಗು ಕೆಳಗ ಚುಚ್ಚತದ, ಉದ್ದ ಮಾಡಿದ್ರ ಮೂಗು ಏಳತದ. ಅಂಗಳದಾಗ ಮೂಗು ನೆಲಕ್ಕ ಹತ್ತಿ ಹಿಮ್ಮಡ ಬೆರಳು ಹೋಗೋ ಅಷ್ಟು ಎದ್ದಿರಂಗ ಇಡು. ನಿಂದು ಹಿಮ್ಮಡಕ್ಕ ತುಕ್ಕು ಹಂಗೇ ಅದ ಅಂದಿ. ಅಂದ್ರ ಟಾಪ್ ಲಿಂಕ್ ಭಾಳ ಗಿಡ್ಡ ಆಗ್ಯಾದ, ಪಲ್ಟಿ ಮೂಗಿನ ಮ್ಯಾಲೇ ನಡದದ. ಎಳತ ಹೆಚ್ಚಾಗೋದೂ ಅದಕ್ಕೇ. ಹೊಲದಾಗ ಹತ್ತು ಮಾರು ಹೊಡದು ಇಳದು ನೋಡು, ಹಿಮ್ಮಡ ತಳಕ್ಕ ತೆಳ್ಳಗ ಒರಸಿದ ಗೆರಿ ಬಿಟ್ಟಿದ್ರ ಬರೋಬ್ಬರಿ. ಒತ್ತಿ ಹೊಳಿಯೋ ಪಟ್ಟಿ ಬಿಟ್ರ ಉದ್ದ ಆತು, ಅರ್ಧ ಸುತ್ತು ತಗಿ.

ಕೆಳಗಿನ ಲಿಂಕಿನ ಬಾಜು ಚೈನ್ ಬಿಗದು ಕಟ್ಟಬ್ಯಾಡ. ಪಲ್ಟಿಗಿ ಆ ಕಡಿ ಈ ಕಡಿ ಎರಡು ಇಂಚು ಆಡ್ಲಿಕ್ಕಿ ಬೇಕು, ತನ್ನ ದಾರಿ ತಾನೇ ಹುಡುಕ್ತದ. ಟೈರಿಗಿ ತಾಗಬಾರದು, ಅಷ್ಟೇ.

ತೂಕಕ್ಕ ಎರಡು ಉಪಾಯ. ಹಿಂದಿನ ಟೈರ್ ಟ್ಯೂಬಿಗಿ ಮುಕ್ಕಾಲು ನೀರು ತುಂಬಿಸು. ವಾಲ್ ಮ್ಯಾಲ ಬರಂಗ ಗಾಲಿ ನಿಲ್ಲಿಸಿ, ವಾಲ್ ತನ ನೀರು ಬಂದ್ರ ಸಾಕು, ಉಳದಿದ್ದು ಗಾಳಿ. ಸಣ್ಣ ಟೈರ್ ಅವ, ಒಂದೊಂದು ನಲವತ್ತು ಲೀಟರ್ ಸುಮಾರು ಕುಡಿತಾವ. ಎರಡೂ ಸೇರಿ ಎಂಬತ್ತು ಕೆ.ಜಿ. ರೊಕ್ಕಿಲ್ದೆ ಬಂತು. ಚಳಿ ದೇಶದಾಗ ನೀರು ಹೆಪ್ಪುಗಟ್ತದಂತ ಉಪ್ಪು ಗಿಪ್ಪು ಬೆರಸ್ತಾರ, ನಮ್ಮ ಬಿಸಲಿಗಿ ಆ ಚಿಂತಿ ಇಲ್ಲ. ಮುಂದ ಬಂಪರಿಗಿ ಐವತ್ತು ಅರವತ್ತು ಕೆ.ಜಿ. ಕಬ್ಬಿಣ ಬೋಲ್ಟ್ ಹಾಕಿ ಬಿಗಿ. ಹಗ್ಗಲೆ ಕಟ್ಟಿದ ಕಲ್ಲು ಗಿಲ್ಲು ಬ್ಯಾಡ, ಉದರಿ ಗಾಲಿ ಕೆಳಗೇ ಬರ್ತಾವ.

ಇನ್ನ ಉಳದ ತೂಕ ಪಲ್ಟಿನೇ ಕೊಡ್ತದ. ಐರ್ಲಂಡಿನ ಹ್ಯಾರಿ ಫರ್ಗ್ಯುಸನ್ ಅನ್ನಾಂವ 1926ರಾಗ ಪೇಟೆಂಟ್ ಮಾಡಿಸಿದ ಹಂಚಿಕಿ ಇದು. ನೇಗಿಲು ಸರಪಳಿ ಹಾಕಿ ಜಗ್ಗೋ ಬದ್ಲಿ ಗಾಡಿ ಮೈಗೇ ಮೂರು ಕಡಿ ಕೂಡಿಸಿದ. ಮಣ್ಣು ಕುಡ ಕೆಳಗ ಜಗ್ಗತದ, ಆ ಜಗ್ಗಾಟ ಲಿಂಕಿನ ಮ್ಯಾಲಿಂದ ಹಿಂದಿನ ಗಾಲಿಗಿ ಬೀಳ್ತದ. ಹಗುರ ಗಾಡಿ ಭಾರದ ಕೆಲಸ ಮಾಡೋದು ಇದರಿಂದ. ಹಂಗಂತ ಪಲ್ಟಿ ಬೇರಿಗಿ ಸಿಕ್ಕಾಗ ಸರಪಳಿ ತಗೊಂಡು ಟಾಪ್ ಲಿಂಕಿನ ಜಾಗಾಕ್ಕೋ ಹಿಂದಿನ ಹೌಸಿಂಗಿನ ಮ್ಯಾಲೋ ಕಟ್ಟಿ ಜಗ್ಗಬ್ಯಾಡ. ಗಾಡಿ ಮುಂಗಾಲೆತ್ತಿ ಹಿಂದಕ ಬೀಳ್ತದ, ಕ್ಲಚ್ ಒತ್ತಲಿಕ್ಕಿ ಟೈಮ್ ಕೊಡಂಗಿಲ್ಲ. ಜಗ್ಗೋದೇ ಆದ್ರ ಕೆಳಗಿನ ಕೊಕ್ಕಿಗಿ ಅಷ್ಟೇ.

ಕಡೀದು ಮಣ್ಣು ಮೆತ್ತೋದು. ತುಕ್ಕು ತಿಂದ ರೆಕ್ಕಿಗಿ ಎರಿ ಮಣ್ಣು ಬಿಡಂಗೇ ಇಲ್ಲ. ಗ್ರೈಂಡರಿಗಿ ಫ್ಲಾಪ್ ಡಿಸ್ಕ್ ಹಾಕಿ, ಮಣ್ಣು ಹರಿಯೋ ದಿಕ್ಕಿಗೇ ತಿಕ್ಕು, ಅಡ್ಡ ತಿಕ್ಕಬ್ಯಾಡ. ಮಾರಿ ಕಾಣೋ ಅಷ್ಟು ಬ್ಯಾಡ, ಉಗುರು ಎಳದ್ರ ತಡಿಬಾರದು. ಆಮ್ಯಾಲ ಎರಿಗಿ ಹೋಗೋದ್ರಕಿನ ಮೊದಲ ಎಲ್ಲಾರ ಮರಡಿ, ಮುರುಮ ಇರೋ ಜಾಗಾದಾಗ ನಾಕು ಸಾಲು ಹೊಡಿ, ಅದೇ ಪಾಲಿಶ್ ಮಾಡ್ತದ. ಸಂಜಿಗಿ ಕೆಲಸ ಮುಗದ ಕೂಡ್ಲೇ ಗಾಡಿದು ಹಳೆ ಕರಿ ಆಯಿಲ್ ಒರಸಿ ಇಡು. ಒಂದು ರಾತ್ರಿ ಇಬ್ಬನಿ ಸಾಕು ಮತ್ತ ತುಕ್ಕು ಹಿಡಿಲಿಕ್ಕಿ. ಕುಡದ ಮೂಗು ಮೊಂಡಾಗಿದ್ರ ಕಂಬಾರರ ಹತ್ರ ಕಾಸಿ ಬಡಿಸ್ಕೊಂಡು ಬಾ. ಮೊಂಡ ಕುಡ ಮಣ್ಣಿನ್ಯಾಗ ಇಳಿಯಂಗಿಲ್ಲ, ನೀ ಟಾಪ್ ಲಿಂಕ್ ಗಿಡ್ಡ ಮಾಡ್ತಿ, ಮತ್ತ ಮೊದಲಿನ ಕತಿನೇ.

ರೋಟಾವೇಟರ್ ವಿಷಯ. ಶಹಾಪುರದ ತಮ್ಮಾ, ನಾ ರೋಟಾವೇಟರ್ ವೈರಿ ಅಲ್ಲ, ಅದರ ಬ್ಲೇಡ್ ಬದಲ್ ಮಾಡಿದ ರೊಕ್ಕದಾಗೇ ನನ್ನ ಮನಿ ನಡದದ. ಆದ್ರ ವರ್ಷಾ ಅದೊಂದೇ ಹೊಡದ್ರ ನಾಕೈದು ಇಂಚಿನ ಕೆಳಗ ಮಣ್ಣು ಹಂಚಿನಂಗ ಕಟ್ಟತದ, ಮಳಿ ನೀರು ಕೆಳಗ ಇಳಿಯಂಗಿಲ್ಲ. ತೊಗರಿ ಬೇರು ಆಳಕ್ಕ ಹೋಗೋ ಬೇರು. ಅದಕ್ಕ ಆ ಪದರ ನಡುವ ಅಡ್ಡ ಬಂದ್ರ ಏನಾಗ್ತದಂತ ನೀವೇ ಹೇಳ್ರಿ.

ಶಹಾಪುರದಾವ

ಆತ್ರಿ ಕಾಕಾ, ತೂಕದ ಲೆಕ್ಕ ಒಪ್ಪಿದೆ. ಆದ್ರೂ ಎರಡೂವರಿ ಎಕರೆಗಿ ಇಷ್ಟೆಲ್ಲಾ ರಿಮ್ ಬಿಚ್ಚಿ, ಲೇತಿಗಿ ಹೋಗಿ, ನೀರು ತುಂಬಿಸೋದ್ರಾಗ ಬಾಡಗಿ ಗಾಡಿದಾವ ಹೊಡದು ಚಹಾ ಕುಡದು ಹೋಗಿರ್ತಾನ ನೋಡ್ರಿ.

ಕೆಂಪುಮಣ್ಣು (ಭಾಲ್ಕಿ)

ಬಾಡಗಿ ಗಾಡಿ ಕರದಾಗ ಬರಂಗಿಲ್ಲಲ್ರಿ ಅಣ್ಣಾ. ಹದ ಇದ್ದಾಗ ಎಲ್ಲಾರಿಗೂ ಅದೇ ದಿನ ಬೇಕು, ಸಣ್ಣ ಹೊಲದವರ ಪಾಳಿ ಕಡಿಗೆ. ಅಷ್ಟರಾಗ ಹೊಲ ಬಿರತಿರ್ತದ. ನಮ್ಮ ಕಡಿ ಕೆಂಪು ಮಣ್ಣು, ಒಂದು ಅಡ್ಡ ಮಳಿ ಬಂದ್ರ ಮತ್ತ ಹದಕ್ಕ ಬರ್ತದ. ನಿಮ್ಮ ಎರಿ ಹೊಲಕ್ಕ ಆ ಪುಣ್ಯ ಇಲ್ಲ.

ನಾ ಬಂದಿದ್ದು ನಿಂಬಿ ಗಿಡದ ಮಾತಿಗಿ. ಅಫಜಲಪುರದ ಅಣ್ಣಾರು ಗಿಡದ ಸಾಲಿನ್ಯಾಗೂ ಪಲ್ಟಿ ಹೊಡಿಯೋ ವಿಚಾರ ಮಾಡ್ಯಾರೋ ಏನೋ, ಖುಲ್ಲಾ ಹೇಳಿಲ್ಲ. ದಯಮಾಡಿ ಹೊಡಿಬ್ಯಾಡ್ರಿ. ನಿಂಬಿ, ಮೋಸಂಬಿ ಇವುಕ್ಕ ಉಣ್ಣೋ ಬೇರು ಎಲ್ಲಾ ಮ್ಯಾಲಿನ ಒಂದು ಫೂಟಿನ್ಯಾಗೇ ಹರಡಿರ್ತಾವ, ಟೊಂಗಿ ನೆಳ್ಳು ಬೀಳೋ ಗೆರಿ ದಾಟಿ ಆಚಿ ಹೋಗಿರ್ತಾವ. ಐದು ಇಂಚು ಪಲ್ಟಿ ಹಾಕಿದ್ರ ಅವು ಕಡದು ಹೋಗ್ತಾವ. ಕಡದ ಬೇರಿಗಿ ನೀರು ನಿಂತ ಮಣ್ಣು ತಾಗಿದ್ರ ಕೊಳಿ ರೋಗ ಒಳಗ ಹೊಕ್ಕೊಂತದ, ಆಮ್ಯಾಲ ಬುಡದಾಗ ಅಂಟು ಸುರಿತದ. ಎರಿ ಮಣ್ಣಿನ್ಯಾಗ ಮಳಿಗಾಲಕ್ಕ ನೀರು ನಿಂದ್ರೋದು ತಪ್ಪಂಗಿಲ್ಲ, ಅದಕ್ಕ ನಿಮಗ ಈ ಭಯ ಹೆಚ್ಚು. ಗಿಡದ ನಡುವ ಕುಂಟಿ ಇಲ್ಲಾ ಸಣ್ಣ ಕಲ್ಟಿವೇಟರ್ ಎರಡು ಮೂರು ಇಂಚು ಆಡ್ಸಿ ಹುಲ್ಲು ತಗಿರಿ, ಸಾಕು. ನಮ್ಮ ಮಾವ ಮಾವಿನ ತೋಟಕ್ಕೂ ಅದನ್ನೇ ಮಾಡೋದು. ಸಂಶಯ ಇದ್ರ ಕಲಬುರಗಿ ಕೃಷಿ ವಿಜ್ಞಾನ ಕೇಂದ್ರದಾಗ ಕೇಳಿ ನೋಡ್ರಿ, ಒಂದು ಬುಡ ತೋಡಿ ಬೇರು ತೋರಸ್ರಿ ಅಂದ್ರ ನೀವೇ ನೋಡ್ತೀರಿ.

ಭೀಮಾದಂಡಿ

ಅಕ್ಕಾರ, ಗಿಡದಾಗೂ ಹೊಡಿಯೋ ವಿಚಾರ ಇತ್ತು, ಈಗ ಇಲ್ಲ. ಸಲಕಿ ತಗೊಂಡು ಒಂದು ಗಿಡದ ನೆಳ್ಳಿನ ಗೆರಿ ಆಚಿ ಕೆದರಿ ನೋಡಿದೆ. ಗೇಣಿನೊಳಗೇ ಹಳದಿ ನಾರಿನಂಥ ಬೇರು ಬಲಿ ಹಾಕ್ಯಾವ.

ಮಿಸ್ತ್ರಿ ಕಾಕಾ, ನೀವು ಹೇಳಿದಂಗ ಕಟ್ಟೀನಿ. ಪಿನ್ನು ಅಫಜಲಪುರದಾಗ ಲೇತಿಗಿ ಕೊಟ್ಟು ಮಾಡಿಸ್ದೆ. ಇಎನ್-8 ಅಂದ ಕೂಡ್ಲೇ ಅವ ನನ್ನ ಮಾರಿ ಒಂದ್ಸಲ ನೋಡಿ, ಯಾರು ಹೇಳಿದ್ರು ಅಂತ ಕೇಳಿದ. ರಿಮ್ ಬದಲ್ ಮಾಡಿದ ಮ್ಯಾಲ ಒಳ ಅಂತರ ಇಪ್ಪತ್ತೆರಡೂವರಿ ಬಂತು. ಒಂದು ರಿಮ್ಮಿನ ಬೋಲ್ಟು ಔಷಧಕ್ಕ ತಿಂದು ಕೂತಿದ್ವು, ಡೀಸೆಲ್ ಹಾಕಿ ರಾತ್ರಿ ಬಿಟ್ಟು ಪೈಪ್ ಹಚ್ಚಿ ಬಿಚ್ಚಬೇಕಾತು.

ದಿಮ್ಮಿ ಮ್ಯಾಲ ಎಡಗಾಲಿ ಹತ್ತಿಸಿ ದಾರ ಕಟ್ಟಿ ನೋಡಿದಾಗ ಪಲ್ಟಿ ಬೆನ್ನು ಎಷ್ಟು ಸೊಟ್ಟ ಇತ್ತಂದ್ರ, ನೋಡ್ಲಿಕ್ಕಿ ಬಂದ ಅಪ್ಪನೇ ಹ್ಯಾಂಡಲ್ ತಿರುವ್ಲಿಕ್ಕಿ ಕೂತ. ಬಲಗಡಿ ಲಿಂಕ್ ಎತ್ತಬೇಕಾತು, ಚೂಡಿ ಮುಗಿಯೋ ತನ ಬಂತು.

ಹೊಲದಾಗ ನಡುವಿನ ಪಟ್ಟಿ ಉಳಿಯೋದು ನಿಂತದ. ತಳ ಸಪಾಟ್ ಅದ, ಕೈ ಒರಸಿ ನೋಡೀನಿ. ಹಿಮ್ಮಡದ ಗೆರಿ ಬರ್ಲಿಕತ್ಯಾದ. ಕೂಳಿ ತಲಿಕೆಳಗಾಗಿ ಬೀಳ್ತಾವ, ಬೇರು ಮ್ಯಾಲ ಬಂದು ಬಿಸಲಿಗಿ ಒಣಗ್ತಾವ. ಟೈರ್ ಜಾರೋದು ಕಡಿಮಿ ಆಗ್ಯಾದ, ಪೂರಾ ಹೋಗಿಲ್ಲ. ಎಷ್ಟು ಜಾರಿದ್ರ ನಡಿತದ? ಇನ್ನೊಂದು, ನಮ್ಮ ಹೊಲ ಹೊಳಿ ಕಡಿ ಜರಾ ಇಳಿಜಾರು. ಒಡ್ಡಿನ ಗುಂಟ ಸುತ್ತು ಹಾಕ್ಕೋತ ಒಳಗ ಬಂದ್ರ ನಡುವ ಕಾಲುವಿಯಂಥ ತೆಗ್ಗು ಉಳಿತದ. ಅದನ್ನ ಏನು ಮಾಡೋದು?

ಹುಮನಾಬಾದ ಮಿಸ್ತ್ರಿ

ಜಾರೋದು ಹತ್ತರಿಂದ ಹದಿನೈದು ಪರ್ಸೆಂಟ್ ಇದ್ರ ಅದು ಜಾರೋದಲ್ಲ, ಕೆಲಸ. ಅಳಿಬೇಕಂದ್ರ ಹಿಂದಿನ ಟೈರಿಗಿ ಸುಣ್ಣದ ಗುರುತು ಹಾಕು. ಪಲ್ಟಿ ಎತ್ತಿ ಹೊಲದಾಗೇ ಹತ್ತು ಸುತ್ತು ಗಾಲಿ ತಿರಗೋ ತನ ಓಡ್ಸು, ಎಷ್ಟು ದೂರ ಹೋತಂತ ಗೂಟ ಬಡಿ. ಪಲ್ಟಿ ಇಳಿಸಿ ಮತ್ತ ಹತ್ತು ಸುತ್ತು. ಮೊದಲಿಂದು ನೂರು ಪಾಲು ಅಂತ ಹಿಡದು ಇದು ಎಂಬತ್ತೈದಕ್ಕ ನಿಂತ್ರ ಹದಿನೈದು ಪರ್ಸೆಂಟ್. ಎಂಬತ್ತರ ಕೆಳಗ ಬಂದ್ರ ಆಳ ಅರ್ಧ ಇಂಚು ಕಡಿಮಿ ಮಾಡು, ಗ್ಯಾಸ್ ಹೆಚ್ಚಿಗಿ ಮಾಡಬ್ಯಾಡ. ಲಿಫ್ಟಿನ ಲಿವರ್ ಹಿಡದು ಆಳ ಕಾಯೋದು ಸಾಕಾದ್ರ ಪಲ್ಟಿ ಎಡಗಡಿ ಒಂದು ಸಣ್ಣ ಗೇಜ್ ಗಾಲಿ ಹಾಕಿಸು, ಕೈ ಬಿಟ್ರೂ ಐದು ಇಂಚಿಗೇ ನಿಂದರ್ತದ.

ಲಿಂಕಿನ ಚೂಡಿ ಮುಗಿಯೋ ತನ ಬಂತು ಅಂದಿ. ಪೂರಾ ಗಿಡ್ಡ ಆಗಿ ತುದಿಗಿ ಮುಟ್ಟಿದ್ರ ಮುಂದ ತಿರುವ್ಲಿಕ್ಕಿ ಜಾಗಾ ಇರಂಗಿಲ್ಲ. ಹಂಗಿದ್ರ ಬಲಗಡಿ ಲಿಂಕ್ ಜರಾ ವಾಪಸ್ ಬಿಟ್ಟು ಉಳದ ಫರಕ್ ಎಡಗಡಿ ಲಿಂಕಿನ ತೂತು ಬದಲ್ ಮಾಡಿ ತಗಿ.

ನಡುವಿನ ತೆಗ್ಗು ತಪ್ಪಂಗಿಲ್ಲ, ಹೊಳ್ಳೋ ಪಲ್ಟಿ ಅಲ್ಲ ಇದು, ಒಂದೇ ಕಡಿ ಮಣ್ಣು ಒಗಿಯೋದು. ಒಡ್ಡಿನಿಂದ ಒಳಗ ಬಂದ್ರ ನಡುವ ತೆಗ್ಗು, ನಡುವಿಂದ ಹೊರಗ ಹೋದ್ರ ನಡುವ ದಿಬ್ಬ, ಒಡ್ಡಿಗಿ ತೆಗ್ಗು. ಈ ವರ್ಷ ಒಂದು, ಬರೋ ವರ್ಷ ಇನ್ನೊಂದು ಮಾಡು. ಆದ್ರ ನಿಂದು ಹೊಳಿ ಕಡಿ ಇಳಿಜಾರು ಅಂದಿ, ಆ ತೆಗ್ಗು ಇಳಿಜಾರಿನ ಗುಂಟ ಬಂದ್ರ ಮಿರಗ ಮಳ್ಯಾಗ ಮಣ್ಣೆಲ್ಲಾ ಅದರಾಗೇ ಹರದು ಭೀಮಾ ಸೇರ್ತದ. ಅದಕ್ಕ ಸಾಲು ಇಳಿಜಾರಿಗಿ ಅಡ್ಡ ಹಾಕು. ಕಡೀ ಸುತ್ತಿಗಿ ಟಾಪ್ ಲಿಂಕ್ ಎರಡು ಸುತ್ತು ಉದ್ದ ಮಾಡಿ, ಆಳ ಅರ್ಧ ಮಾಡಿ, ತೆಗ್ಗಿನ ಎರಡೂ ದಂಡಿ ಒಳಗ ಕೆಡವಿ ಬಾ. ಉಳದಿದ್ದು ಕುಂಟಿ ಹೊಡಿಯೋ ಮುಂದ ಮುಚ್ಚತದ. ಆ ಹಳೆ ಸಲಾಕಿ ಪಿನ್ನು ಒಗದಿದ್ದೀಯೋ ಇಲ್ಲೋ? ಮನ್ಯಾಗ ಇಟ್ರ ಒಂದು ದಿನ ಯಾರಾರ ತಗೊಂಡು ಹಚ್ಚತಾರ.